‘ಪೂರ್ತಿ ರೀಸ್ಟೋರ್’ ಆದ 1966ರ ಎಂಜಿಬಿ: ತಗೋಬಹುದಾ?

ಪ್ರಶ್ನೆ: ಸರ್, ನಮ್ಮೂರು ಶಿವಮೊಗ್ಗ. ಒಂಬತ್ತು ವರ್ಷದಿಂದ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದೇನೆ. ಹಳೆ ಕಾರಿನ ಹುಚ್ಚು ಮೊದಲಿನಿಂದಲೂ ಇದೆ. ಈಗ ಒಬ್ಬ ಡೀಲರ್ ಹತ್ತಿರ 1966ರ ಎಂಜಿಬಿ ರೋಡ್‌ಸ್ಟರ್ (ಎಂಜಿ ಕಂಪನಿಯ ಟಾಪ್ ಇಳಿಸೋ ಸ್ಪೋರ್ಟ್ಸ್ ಕಾರು) ನೋಡಿದ್ದೇನೆ. ಟಾರ್ಟನ್ ರೆಡ್ ಬಣ್ಣ, ವೈರ್ ವೀಲ್ (ಕಡ್ಡಿ ಚಕ್ರ), ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ಇಳಿಸೋ ಗೇರ್) ಇದೆ. ‘ಪೂರ್ತಿ ರೀಸ್ಟೋರ್ ಆಗಿದೆ, ಕಲೆಕ್ಟರ್‌ಗಳಿಗೆ (ಹಳೆ ಕಾರು ಸಂಗ್ರಹಿಸುವವರಿಗೆ) ಹೇಳಿ ಮಾಡಿಸಿದ್ದು’ ಅಂತ ಹಾಕಿದ್ದಾರೆ. 21,500 ಪೌಂಡ್ ಕೇಳುತ್ತಿದ್ದಾರೆ. ಬೆಲೆ ಸರಿಯಾ? ನೋಡೋಕೆ ಹೋದಾಗ ಏನೇನು ನೋಡಬೇಕು? ಮುಂದೆ ಊರಿಗೆ ವಾಪಸ್ ಬರುವಾಗ ಜೊತೆಗೆ ತರಬಹುದಾ?

ಉತ್ತರ: ಮೊದಲು ಬೆಲೆ ಮಾತಾಡಿಬಿಡೋಣ. ಎಂಜಿಬಿ ಮಟ್ಟಿಗೆ 21,500 ಪೌಂಡ್ ಅಂದರೆ ಮೇಲಿನ ಬೆಲೆ. ಕೊಡಲೇಬಾರದು ಅಂತಲ್ಲ. ಆದರೆ ಅಷ್ಟು ದುಡ್ಡು ಕೊಡೋದು ಬಣ್ಣದ ಅಡಿಯಲ್ಲಿ ಆಗಿರುವ ವೆಲ್ಡಿಂಗ್ ಕೆಲಸಕ್ಕೆ. ಆ ಕೆಲಸದ ಫೋಟೊ, ಬಿಲ್ಲು ಡೀಲರ್ ಹತ್ತಿರ ಇದ್ದರೆ ಮಾತು ಮುಂದುವರಿಸಿ. ಇಲ್ಲದಿದ್ದರೆ ಅವರು ಕೊಟ್ಟ ಟೀ ಕುಡಿದು ಎದ್ದು ಬನ್ನಿ. ಈ ಕಾರು ಅಪರೂಪದ್ದೇನಲ್ಲ, ಬೇರೆ ಸಿಗುತ್ತದೆ.

ಈ ವ್ಯಾಪಾರದಲ್ಲಿ ‘ರೀಸ್ಟೋರ್’ ಅನ್ನೋ ಪದಕ್ಕೆ ಅಳತೆ ಅಂತ ಒಂದಿಲ್ಲ. ಕಾರನ್ನು ಒಂದೊಂದೇ ಬೋಲ್ಟ್ ಬಿಚ್ಚಿ, ಬಾಡಿಯನ್ನು ಬರಿ ತಗಡಿಗೆ ಇಳಿಸಿ, ಎರಡು ವರ್ಷ ಕೂತು ಮತ್ತೆ ಕಟ್ಟಿದ್ದೂ ರೀಸ್ಟೋರೇ. ತುಕ್ಕಿನ ಮೇಲೆ ಪುಟ್ಟಿ ಬಳಿದು, ಉಜ್ಜಿ, ಮೂರು ಕೋಟ್ ಪೇಂಟ್ ಹೊಡೆದು, ಹೊಸ ಸೀಟ್ ಕವರ್ ಎಳೆದಿದ್ದೂ ರೀಸ್ಟೋರೇ. ಮೊದಲ ಒಂದೆರಡು ವರ್ಷ ಎರಡೂ ಒಂದೇ ಥರ ಕಾಣುತ್ತವೆ.

ನಾನೂ ಮೋಸ ಹೋದವನೇ. ಇಲ್ಲಿ ಇಂಗ್ಲೆಂಡಿನಲ್ಲಿ ಹಳೆ ಕಾರುಗಳ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಲ್ಲಾ ಗೊತ್ತು ಅಂದುಕೊಂಡಿದ್ದ ಕಾಲದಲ್ಲಿ, ಒಬ್ಬರ ಹತ್ತಿರ ಕಡುಹಸಿರು ಬಣ್ಣದ ಎಂಜಿಬಿ ತಗೊಂಡೆ. ಬಾಗಿಲ ಕೆಳಗೆ ಉದ್ದಕ್ಕೂ ಹೋಗುತ್ತಲ್ಲ, ಸಿಲ್ ಅಂತಾರೆ, ಅದು ಹೊಸದಾಗಿತ್ತು. ತಟ್ಟಿದರೆ ಗಟ್ಟಿ ಸದ್ದು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಎಡಗಡೆ ಬಾಗಿಲು ಸುಮ್ನೆ ಮುಚ್ಚುತ್ತಿರಲಿಲ್ಲ, ಸ್ವಲ್ಪ ಎತ್ತಿ ತಳ್ಳಬೇಕಿತ್ತು. ಒಂದು ಭಾನುವಾರ ಗ್ರೈಂಡರ್ ಹಿಡಿದು ಸಿಲ್ ಕೊಯ್ದೆ. ಹೊಸ ತಗಡಿನ ಹಿಂದೆ ಹಳೆ ಸಿಲ್ ಹಾಗೇ ಕೂತಿತ್ತು. ಅದರ ಹಿಂದೆ ಇರಬೇಕಾಗಿದ್ದ ಒಳಗಿನ ತಗಡುಗಳು ಇರಲೇ ಇಲ್ಲ. ಕೈ ಹಾಕಿದರೆ ಒಣಗಿದ ಟೀ ಪುಡಿ ಹಾಗೆ ತುಕ್ಕು ಬೊಗಸೆ ಬೊಗಸೆ ಬಂತು. ಅದರ ಜೊತೆ ಯಾರೋ ಮಡಚಿ ತುರುಕಿದ್ದ ಒಂದು ದಿನಪತ್ರಿಕೆ, ಫುಟ್‌ಬಾಲ್ ಪುಟ. ಅಕ್ಷರ ಇನ್ನೂ ಓದುವ ಹಾಗಿತ್ತು. ಇದಕ್ಕೆ ಇಲ್ಲಿ ಕವರ್ ಸಿಲ್ ಅಂತಾರೆ. ಗಾಯ ತೊಳೆಯದೆ ಮೇಲೆ ಬ್ಯಾಂಡೇಜ್ ಸುತ್ತಿದ ಹಾಗೆ.

ಸಿಲ್ ಬಗ್ಗೆ ಇಷ್ಟು ಯಾಕೆ ಹೇಳ್ತಿದ್ದೀನಿ ಅಂದರೆ, ಈ ಕಾರಿನ ಜೀವ ಇರೋದೇ ಅಲ್ಲಿ. ಇದಕ್ಕಿಂತ ಹಿಂದೆ ಬಂದ ಎಂಜಿಎಗೆ ಬೇರೆ ಚಾಸಿಸ್ ಇತ್ತು, ಅದರ ಮೇಲೆ ಬಾಡಿ ಕೂರಿಸುತ್ತಿದ್ದರು. 1962ರಲ್ಲಿ ಅಬಿಂಗ್ಡನ್ ಕಾರ್ಖಾನೆಯಿಂದ ಎಂಜಿಬಿ ಬಂದಾಗ ಎಂಜಿಯ ಮುಖ್ಯ ಎಂಜಿನಿಯರ್ ಸಿಡ್ ಎನೆವರ್ ಮತ್ತವರ ತಂಡ ಚಾಸಿಸ್ ಬಿಟ್ಟು ಬಾಡಿಯನ್ನೇ ಗಟ್ಟಿ ಪೆಟ್ಟಿಗೆ ಥರ ಮಾಡಿದರು. ಮೇಲೆ ಟಾಪ್ ಇಲ್ಲದ ಕಾರು, ಹಾಗಾಗಿ ಬಗ್ಗದೆ ನಿಲ್ಲೋಕೆ ಎರಡು ಪಕ್ಕದ ಸಿಲ್ಲು, ನಡುವಿನ ಗೇರ್‌ಬಾಕ್ಸ್ ಸುರಂಗ ಇಷ್ಟೇ ಆಧಾರ. ಸಿಲ್ ಅಂದರೆ ಹೊರಗೆ ಕಾಣೋ ಒಂದು ತಗಡು ಮಾತ್ರ ಅಲ್ಲ. ಒಳ ಸಿಲ್, ನಡುವೆ ನಿಲ್ಲೋ ಒಂದು ತಗಡು, ಅಡಿಗೆ ಕ್ಯಾಸಲ್ ರೈಲ್ ಅನ್ನೋ ಇನ್ನೊಂದು, ಎಲ್ಲಾ ಸೇರಿ ಒಂದು ಕೊಳವೆ. ಹೊರ ಸಿಲ್ಲಿನ ಮುಂಭಾಗ ಮುಂದಿನ ಮಡ್‌ಗಾರ್ಡ್ ಒಳಗೆ ಹೋಗಿ ಸೇರುತ್ತದೆ. ಹಾಗಾಗಿ ಸರಿಯಾಗಿ ಬದಲಾಯಿಸಬೇಕು ಅಂದರೆ ಆ ಮಡ್‌ಗಾರ್ಡ್ ಬಿಚ್ಚಲೇಬೇಕು. ಬಿಚ್ಚದೆ ‘ಹೊಸ ಸಿಲ್ ಹಾಕಿದ್ದೀವಿ’ ಅಂದರೆ ಏನು ಮಾಡಿದ್ದಾರೆ ಅಂತ ನಿಮಗೆ ಈಗ ಗೊತ್ತಾಗಿರಬೇಕು.

ನೋಡೋಕೆ ಹೋದಾಗ ಬಾನೆಟ್ ತೆಗೆಸಬೇಡಿ, ಮೊದಲು ಬಾಗಿಲ ಸಂದು ನೋಡಿ. ಬಾಗಿಲ ಹಿಂದಿನ ಅಂಚು ಮತ್ತು ಹಿಂದಿನ ಮಡ್‌ಗಾರ್ಡ್ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಇರಬೇಕು. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಕಾರು ನಡುವೆ ಕುಸಿದಿದೆ ಅಂತ ಲೆಕ್ಕ. ಆಮೇಲೆ ಡೀಲರ್‌ನ ಕೇಳಿ, ಸಿಲ್ ಕೆಳಗಿನ ಜಾಕಿಂಗ್ ಪಾಯಿಂಟ್‌ಗೆ ಜಾಕ್ ಕೊಟ್ಟು ಒಂದು ಪಕ್ಕ ಎತ್ತಿಸಿ. ಎತ್ತುವಾಗ ಆ ಸಂದಿನ ಮೇಲೆ ಕಣ್ಣಿಡಿ. ಎತ್ತಿದ ಮೇಲೂ ಬಾಗಿಲು ಮೊದಲಿನ ಹಾಗೇ ತೆಗೆದು ಮುಚ್ಚಲು ಬರಬೇಕು. ಸಂದು ಬದಲಾದರೆ, ಬಾಗಿಲು ಉಜ್ಜಿದರೆ, ಒಳಗಿನಿಂದ ಕರಕರ ಸದ್ದು ಬಂದರೆ, ಅಲ್ಲಿಗೆ ಮುಗೀತು. ಜಾಕ್ ಹಾಕೋಕೆ ಬಿಡಲ್ಲ ಅಂದರೂ ಅದೇ ಉತ್ತರ ಅಂದುಕೊಳ್ಳಿ. (ಬರಿ ಜಾಕ್ ಮೇಲೆ ನಿಂತಿರೋ ಕಾರಿನ ಕೆಳಗೆ ಮಾತ್ರ ತಲೆ ಹಾಕಬೇಡಿ.)

ಒಂದು ಚಿಕ್ಕ ಮ್ಯಾಗ್ನೆಟ್ ಜೇಬಲ್ಲಿಟ್ಟುಕೊಂಡು ಹೋಗಿ, ಬಟ್ಟೆ ಸುತ್ತಿ, ಬಣ್ಣಕ್ಕೆ ಗೀರು ಬೀಳಬಾರದು. ಸಿಲ್ ಉದ್ದಕ್ಕೂ, ಹಿಂದಿನ ಚಕ್ರದ ಕಮಾನಿನ ಸುತ್ತ, ಮುಂದಿನ ಮಡ್‌ಗಾರ್ಡಿನ ಹಿಂದಿನ ಕೆಳ ಮೂಲೆಯಲ್ಲಿ ಇಟ್ಟು ನೋಡಿ. ಎಳೆಯದೆ ಜಾರಿದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಬಾಗಿಲ ಮೇಲೆ ಮುಂದುಗಡೆ ಚಿಕ್ಕ ತ್ರಿಕೋನ ಗಾಜು ಇರುತ್ತಲ್ಲ, ಅದರ ಬುಡದಲ್ಲಿ ತಗಡು ಸೀಳುವುದು ಎಂಜಿಬಿಗಳ ಹಳೆ ಕಾಯಿಲೆ. ಅಪಾಯ ಏನಿಲ್ಲ. ಆದರೆ ‘ಪೂರ್ತಿ ರೀಸ್ಟೋರ್’ ಅಂದವರ ಕಾರಿನಲ್ಲಿ ಹೊಸ ಬಣ್ಣದ ಅಡಿಯಿಂದ ಆ ಸೀಳು ಕೂದಲೆಳೆಯಷ್ಟು ಇಣುಕುತ್ತಿದ್ದರೆ, ಮಿಕ್ಕ ಕೆಲಸ ಹೇಗಿರಬಹುದು ಊಹಿಸಿ. ಸೀಟಿನ ಹಿಂದೆ ಕಾರ್ಪೆಟ್ ಎತ್ತಿದರೆ ಬ್ಯಾಟರಿ ಪೆಟ್ಟಿಗೆಗಳ ಮುಚ್ಚಳ ಸಿಗುತ್ತದೆ. ನೀವು ನೋಡಿರೋ ಕಾಲದ ಕಾರಿಗೆ ಎರಡು 6 ವೋಲ್ಟ್ ಬ್ಯಾಟರಿ, ಪ್ರೊಪೆಲ್ಲರ್ ಶಾಫ್ಟಿನ ಆಚೆ ಒಂದು ಈಚೆ ಒಂದು. ಆ ಪೆಟ್ಟಿಗೆ ತಳಕ್ಕೆ ಟಾರ್ಚ್ ಬಿಡಿ. ಯಾರೂ ನೋಡದ ಜಾಗ ಅದು, ಅಲ್ಲಿ ಶುದ್ಧವಾಗಿ ಕೆಲಸ ಆಗಿದ್ದರೆ ಮಾಡಿದವರು ಕೆಲಸ ಗೊತ್ತಿದ್ದವರೇ.

ಇನ್ನು ಕಾಗದ ಪತ್ರ. ಕಲೆಕ್ಟರ್ ಕಾರು ಅಂತ ಹೆಚ್ಚು ದುಡ್ಡು ಕೇಳುವವರು ಇದನ್ನು ಕೊಡಲೇಬೇಕು. ವಿ5ಸಿ ಲಾಗ್‌ಬುಕ್ಕಿನಲ್ಲಿರೋ (ಇಲ್ಲಿನ ಆರ್‌ಸಿ) ಚಾಸಿಸ್ ನಂಬರ್, ಕಾರ್ಖಾನೆಯವರು ಕಾರಿಗೆ ಹಾಕಿದ ಪ್ಲೇಟ್ ಮೇಲಿರೋ ನಂಬರ್ ತಾಳೆ ನೋಡಿ. 1966ರ ರೋಡ್‌ಸ್ಟರ್ ಆದರೆ ಜಿಎಚ್‌ಎನ್3 ಅಂತ ಶುರುವಾಗಬೇಕು. ಅದರ ಪಕ್ಕದಲ್ಲೇ ಎಲ್ ಅಕ್ಷರ ಇದ್ದರೆ ಎಡಗಡೆ ಸ್ಟೀರಿಂಗ್ ಇದ್ದ ಕಾರು ಅಂತ, ಹೆಚ್ಚಾಗಿ ಅಮೆರಿಕಕ್ಕೆ ಹೋಗಿ ವಾಪಸ್ ಬಂದು ಬಲಕ್ಕೆ ಬದಲಾದದ್ದು. ಇದು ಕೆಟ್ಟದ್ದು ಅಂತ ನಾನು ಹೇಳಲ್ಲ. ಒಣ ಹವೆಯ ಕ್ಯಾಲಿಫೋರ್ನಿಯಾದಿಂದ ಬಂದ ಬಾಡಿ ಇಲ್ಲಿ ಉಪ್ಪು ಮೆತ್ತಿದ ರಸ್ತೆಯಲ್ಲಿ ಓಡಿದ ಬಾಡಿಗಿಂತ ಎಷ್ಟೋ ಮೇಲಿರುತ್ತದೆ. ಆದರೆ ಹಾಗಂತ ಹೇಳಿ ಮಾರಬೇಕು, ಬೆಲೆಯಲ್ಲೂ ಕಾಣಿಸಬೇಕು.

ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟರ್ ಮ್ಯೂಸಿಯಂ ಹಳೆಯ ಕಾರ್ಖಾನೆ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಅಂತ ಕೊಡುತ್ತದೆ. ಕಾರು ಕಟ್ಟಿದ ದಿನ, ಆಗಿನ ಬಣ್ಣ, ಎಂಜಿನ್ ನಂಬರ್ ಎಲ್ಲ ಅದರಲ್ಲಿ ಬರುತ್ತದೆ. ಈ ಕೆಂಪು ಕಾರು ಹುಟ್ಟಿದಾಗಲೂ ಟಾರ್ಟನ್ ರೆಡ್ಡೇ ಆಗಿತ್ತಾ, ಇಲ್ಲ ಓಲ್ಡ್ ಇಂಗ್ಲಿಷ್ ವೈಟ್ ಆಗಿದ್ದು ಕೆಂಪು ಬೇಗ ಮಾರಾಟ ಆಗುತ್ತೆ ಅಂತ ಬಳಿದಿದ್ದಾರಾ, ಅಲ್ಲೇ ಗೊತ್ತಾಗುತ್ತದೆ. ಇದರ ಜೊತೆ ಮನೆಯಲ್ಲೇ ಕೂತು ಮಾಡಬಹುದಾದ ಒಂದು ಕೆಲಸ ಇದೆ. ಸರ್ಕಾರದ ವೆಬ್‌ಸೈಟಿನಲ್ಲಿ ರಿಜಿಸ್ಟ್ರೇಷನ್ ನಂಬರ್ ಹಾಕಿದರೆ ಎಂಓಟಿ (ಇಲ್ಲಿ ವರ್ಷಕ್ಕೊಮ್ಮೆ ಮಾಡೋ ಫಿಟ್‌ನೆಸ್) ಪರೀಕ್ಷೆಯ ಹಳೆ ಚರಿತ್ರೆ ಪುಕ್ಕಟೆ ಸಿಗುತ್ತದೆ. ‘ಸಿಲ್ ತುಕ್ಕು ಹಿಡಿದಿದೆ’ ಅಂತ ಒಂದು ವರ್ಷ ಬರೆದು, ಮುಂದಿನ ವರ್ಷ ಏನೂ ಇಲ್ಲದೆ ಪಾಸಾಗಿದ್ದರೆ ಆ ನಡುವಿನ ಬಿಲ್ ಎಲ್ಲಿ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಡೀಲರ್ ಮುಖ ನೋಡಬೇಕು ನೀವು.

ಹೊಸ ಬಾಡಿ ಹಾಕಿದ್ದಾರಾ ಅಂತಲೂ ಕೇಳಿ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಹಳೆ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಪೂರ್ತಿ ಬಾಡಿಶೆಲ್ ಹೊಸದಾಗಿ ಮಾಡಿ ಮಾರುತ್ತಿದೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆದ ಮೇಲೂ ಕಾರಿನ ಇಡೀ ಮೈ ಅಂಗಡಿಯಲ್ಲಿ ಸಿಗುವುದು ಈ ಕಾರಿನ ಅದೃಷ್ಟ. ಓಡಿಸೋಕೆ ಕೊಳ್ಳುವವರಿಗೆ ಹೆರಿಟೇಜ್ ಶೆಲ್ ಮೇಲೆ ಕಟ್ಟಿದ ಕಾರು ಎಷ್ಟೋ ನೆಮ್ಮದಿ. ‘ಮೂಲ ಬಾಡಿನೇ ಬೇಕು’ ಅನ್ನೋ ಕಲೆಕ್ಟರ್‌ಗಳು ಮಾತ್ರ ಮೂಗು ಮುರಿಯುತ್ತಾರೆ. ನನ್ನ ಕೇಳಿದರೆ, ಮೂರು ಸಲ ತೇಪೆ ಹಾಕಿದ ಮೂಲ ಬಾಡಿಗಿಂತ ಹೊಸ ಶೆಲ್ಲೇ ಲೇಸು.

ಎಂಜಿನ್ ಬಗ್ಗೆ ನನಗೆ ಅಷ್ಟು ಭಯ ಇಲ್ಲ, ನಿಮಗೂ ಬೇಡ. 1798 ಸಿಸಿ, ಎರಡು ಎಸ್‌ಯು ಕಾರ್ಬುರೇಟರ್, ಹೊಸದರಲ್ಲಿ 95 ಅಶ್ವಶಕ್ತಿ. 1964ರ ಕೊನೆಗೆ ಕ್ರ್ಯಾಂಕ್‌ಗೆ ಮೂರರ ಬದಲು ಐದು ಮೇನ್ ಬೇರಿಂಗ್ ಬಂತು, ನೀವು ನೋಡಿರೋದು ಐದು ಬೇರಿಂಗಿನದು, ಗಟ್ಟಿ ಎಂಜಿನ್. ಇದರ ವಂಶ ಆಗ ಎಂಜಿಯ ಮಾಲೀಕ ಕಂಪನಿಯಾಗಿದ್ದ ಬಿಎಂಸಿಯ ಬಿ-ಸೀರೀಸ್. ನಮ್ಮ ಅಂಬಾಸಡರ್‌ಗೆ ಎಷ್ಟೋ ವರ್ಷ ಬರುತ್ತಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಇದರ ದಾಯಾದಿ. ನಮ್ಮ ಸೋದರಮಾವ ಹಾಸನದಲ್ಲಿ ಅಂಬಾಸಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಒಮ್ಮೆ ಇಲ್ಲಿಗೆ ಬಂದಾಗ ನಾನು ಬಾನೆಟ್ ಎತ್ತಿ ತೋರಿಸಿದರೆ ಎರಡು ನಿಮಿಷ ಬಗ್ಗಿ ನೋಡಿ, ‘ಇದು ನಮ್ದೇ ಅಲ್ವೇನೋ, ಕಾರ್ಬುರೇಟರ್ ಒಂದು ಜಾಸ್ತಿ’ ಅಂದರು. ಕೋಟು ತೆಗೆದಿಟ್ಟು ಟ್ಯಾಪೆಟ್ ಸೆಟ್ ಮಾಡೋಕೂ ಕೂತುಬಿಟ್ಟರು.

ಕೀ ತಿರುಗಿಸಿದ ತಕ್ಷಣ ಸೆಲ್ಫ್ ಹೊಡೆಯೋಕೆ ಬಿಡಬೇಡಿ. ಸುಮ್ನೆ ಕಿವಿ ಕೊಡಿ. ಹಿಂದುಗಡೆ ಬಲ ಚಕ್ರದ ಹತ್ತಿರದಿಂದ ಟಿಕ್ ಟಿಕ್ ಟಿಕ್ ಅಂತ ಬರುತ್ತದೆ, ಅದು ಎಸ್‌ಯು ಪೆಟ್ರೋಲ್ ಪಂಪು. ಕಾರ್ಬುರೇಟರ್ ತುಂಬುವವರೆಗೆ ಬಡಿದು ಆಮೇಲೆ ನಿಲ್ಲಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಎಲ್ಲೋ ಪೆಟ್ರೋಲ್ ಸೋರುತ್ತಿದೆ, ಇಲ್ಲ ಫ್ಲೋಟ್ ಬಟ್ಟಲಿನ ಸೂಜಿ ಕೂರುತ್ತಿಲ್ಲ, ಇಲ್ಲ ಟ್ಯಾಂಕ್ ಖಾಲಿ. ಸದ್ದೇ ಬರದಿದ್ದರೆ ಪಂಪಿನ ಪಾಯಿಂಟ್ ಸುಟ್ಟಿರಬಹುದು. ಚಾಲೂ ಆದ ಮೇಲೆ ಹತ್ತು ಮೈಲಿ ಓಡಿಸಿ ಆಯಿಲ್ ಪ್ರೆಷರ್ ಮುಳ್ಳು ನೋಡಿ. ಬಿಸಿ ಎಂಜಿನ್, ಓಡುವಾಗ 50 ಪಿಎಸ್‌ಐ ಅಥವಾ ಮೇಲೆ, ನಿಂತಾಗ 15ರ ಆಸುಪಾಸು ಇದ್ದರೆ ಸಾಕು. ನಿಂತಲ್ಲಿ ಒಂದೆರಡು ಹನಿ ಆಯಿಲ್ ಬಿದ್ದಿದ್ದರೆ ಗಾಬರಿ ಬೇಡ. ಈ ಕಾಲದ ಬ್ರಿಟಿಷ್ ಕಾರು ಆಯಿಲ್ ಸೋರಿಸುತ್ತಿಲ್ಲ ಅಂದರೆ ಒಳಗೆ ಆಯಿಲ್ ಇಲ್ಲ ಅಂತ ಇಲ್ಲಿ ಎಲ್ಲರೂ ತಮಾಷೆ ಮಾಡುತ್ತಾರೆ.

ಫಸ್ಟ್ ಗೇರಿಗೆ ಸಿಂಕ್ರೋ (ಓಡುವಾಗಲೂ ಗೇರ್ ಸದ್ದಿಲ್ಲದೆ ಕೂರಿಸೋ ವ್ಯವಸ್ಥೆ) ಇಲ್ಲ, 1967ರ ಕೊನೆಯ ಮಾರ್ಕ್ 2ರಿಂದ ಮಾತ್ರ ಬಂತು. ಕಾರು ಪೂರ್ತಿ ನಿಂತ ಮೇಲೆ ಹಾಕಿ. ಓಡುವಾಗ ಹಾಕೋಕೆ ಹೋಗಿ ಗರ್ ಅಂದರೆ ತಪ್ಪು ನಿಮ್ಮದು, ಗೇರ್‌ಬಾಕ್ಸಿನದಲ್ಲ. ಮೂರರಿಂದ ಎರಡಕ್ಕೆ ಇಳಿಸುವಾಗ ಗರ್ ಅಂದರೆ ಮಾತ್ರ ಅದು ಗೇರ್‌ಬಾಕ್ಸಿನದು, ಬೆಲೆ ಇಳಿಸಿ. ಓವರ್‌ಡ್ರೈವ್ ಇರೋದು ಒಳ್ಳೇದು, ಬಿಡಬೇಡಿ. 70 ಮೈಲಿ ವೇಗದಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3,900 ಸುತ್ತಿನ ಹತ್ತಿರ ಕೂಗುತ್ತದೆ, ಸ್ವಿಚ್ ಹಾಕಿದರೆ 3,150ರ ಆಸುಪಾಸಿಗೆ ಇಳಿಯುತ್ತದೆ. ಮೋಟರ್‌ವೇ ಮೇಲೆ ಪಕ್ಕದಲ್ಲಿ ಕೂತವರ ಜೊತೆ ಮಾತಾಡಬೇಕು ಅಂದರೆ ಇದು ಬೇಕು. ಮೂರನೇ ಗೇರ್, ನಾಲ್ಕನೇ ಗೇರ್ ಎರಡರಲ್ಲೂ ಕೆಲಸ ಮಾಡುತ್ತಾ ನೋಡಿ.

ವೈರ್ ವೀಲ್ ನೋಡೋಕೆ ಚೆಂದ, ಸಾಕೋದು ಕಷ್ಟ. ಹಬ್ಬಿನ ಮೇಲಿರೋ ಹಲ್ಲು ಸವೆದಿದ್ದರೆ ಮುಂದೆ ಹೊರಟಾಗ ಒಂದು ಸಲ, ರಿವರ್ಸ್ ತಗೊಂಡಾಗ ಒಂದು ಸಲ ಕಟ್ ಅನ್ನುತ್ತದೆ. ಚಕ್ರ ಎತ್ತಿಸಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ, ನೀವು ಟೈರ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಹಬ್ ಅಲ್ಲಾಡದೆ ಚಕ್ರ ಮಾತ್ರ ಅಲ್ಲಾಡಿದರೆ ಹಲ್ಲು ಹೋಗಿದೆ. ಹಾಗೇ ಮುಂದಿನ ಚಕ್ರ ಎಡಬಲ ತಿರುಗೋ ಕೀಲಿಗೆ, ಕಿಂಗ್ ಪಿನ್ ಅಂತಾರೆ, ಅದಕ್ಕೆ ಕೊನೆ ಸಲ ಗ್ರೀಸ್ ಹೊಡೆದಿದ್ದು ಯಾವಾಗ ಅಂತ ಕೇಳಿ. ಷೋರೂಮಿನಲ್ಲಿ ನಿಂತೇ ವರ್ಷ ಕಳೆದ ಕಾರುಗಳಲ್ಲಿ ಸ್ಟೀರಿಂಗ್ ಬಿಗಿಯಾಗಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಕರೆಂಟಿನ ವಿಷಯ ಒಂದೇ ಮಾತು. ಈ ಕಾಲದ ಎಂಜಿಬಿಗಳು ಪಾಸಿಟಿವ್ ಅರ್ತ್. ಬ್ಯಾಟರಿಯ ಪ್ಲಸ್ ಬಾಡಿಗೆ ಕೂತಿರುತ್ತದೆ. ಅದನ್ನು ಬದಲಾಯಿಸಿದ್ದಾರಾ ಇಲ್ವಾ ಅಂತ ತಿಳಿಯದೆ ಇವತ್ತಿನ ಚಾರ್ಜರ್, ರೇಡಿಯೋ ಏನೂ ಜೋಡಿಸಬೇಡಿ, ಹೊಗೆ ಬರುತ್ತದೆ. ಪೆಟ್ರೋಲಿಗೆ ಬಂದರೆ, ಸಿಲಿಂಡರ್ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ ಕೇಳಿ, ಸೀಸದ ಪೆಟ್ರೋಲ್ ಹೋದ ಮೇಲೆ ಅದು ಬೇಕು. 2021ರಿಂದ ಬಂಕಿನಲ್ಲಿ ಸಿಗೋ ಮಾಮೂಲಿ ಪೆಟ್ರೋಲ್ ಇ10, ಅಂದರೆ ಶೇ 10ರವರೆಗೆ ಎಥನಾಲ್ ಬೆರೆಸಿದ್ದು, ಹಳೆ ರಬ್ಬರ್ ಪೈಪ್‌ಗಳನ್ನು ತಿನ್ನುತ್ತದೆ. ಸೂಪರ್ ಗ್ರೇಡ್ ಇ5 ಹಾಕಿ.

ಇದೆಲ್ಲ ಪಾಸಾಯಿತು ಅಂದುಕೊಳ್ಳಿ. ಆಗ 21,500 ಕೊಡಬಹುದಾ? ಫೋಟೊ ಫೈಲು ಸರಿಯಾಗಿದ್ದರೆ 20,000ದ ಆಚೀಚೆ ನಾನಾದರೆ ಕೊಡುತ್ತೇನೆ. ಯಾಕೆಂದರೆ ಬಾಡಿಯಿಂದ ಹಿಡಿದು ಎಲ್ಲವನ್ನೂ ಸರಿಯಾಗಿ ಮಾಡಿಸಿದವರಿಗೆ ಇದಕ್ಕಿಂತ ಜಾಸ್ತಿ ಖರ್ಚಾಗಿರುತ್ತದೆ. ಎಂಜಿಬಿಯಲ್ಲಿ ಯಾವತ್ತೂ ನಷ್ಟ ರೀಸ್ಟೋರ್ ಮಾಡಿಸಿದವರಿಗೆ, ಲಾಭ ಅವರಿಂದ ಕೊಂಡವರಿಗೆ. ಆದರೆ ದುಡ್ಡು ಬೆಳೆಯುತ್ತೆ ಅಂತ ಕೊಳ್ಳೋದಾದರೆ ಬೇಡ. 1980ರಲ್ಲಿ ನಿಲ್ಲಿಸುವಷ್ಟರಲ್ಲಿ ಮುಚ್ಚಿದ ಟಾಪಿನ ಜಿಟಿ ಎಲ್ಲ ಸೇರಿ 5 ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ. ಕಲೆಕ್ಟರ್‌ಗಳು ನಿಜವಾಗಿ ಹುಡುಕೋದು 1965ರವರೆಗಿನ, ಬಾಗಿಲಿಗೆ ಎಳೆಯೋ ಹಿಡಿ ಇದ್ದ ಮೊದಲ ಕಾಲದವನ್ನು. ನಿಮ್ಮದಕ್ಕೆ ಒತ್ತೋ ಗುಂಡಿ ಇರುತ್ತದೆ. ಕ್ರೋಮ್ ಬಂಪರ್ ಇದೆ, ಅದು ಒಳ್ಳೇದು. 1974ರ ಕೊನೆಗೆ ಅಮೆರಿಕದ ಕಾನೂನಿಗೆ ಅಂತ ಕಪ್ಪು ರಬ್ಬರ್ ಬಂಪರ್ ಬಂತು, ಕಾರನ್ನೂ ಎತ್ತರ ಮಾಡಿದರು, ಬೆಲೆಯಲ್ಲಿ ಅವು ಕೆಳಗೆ. ಡೀಲರ್ ಹತ್ತಿರ ಕೊಳ್ಳುವುದರಲ್ಲಿ ಒಂದು ಅನುಕೂಲ ಇದೆ. 2015ರ ಗ್ರಾಹಕ ಕಾನೂನಿನ ಪ್ರಕಾರ ಹೇಳಿದ ಹಾಗೆ ಕಾರು ಇಲ್ಲದಿದ್ದರೆ 30 ದಿನದೊಳಗೆ ವಾಪಸ್ ಕೊಡುವ ಹಕ್ಕು ನಿಮಗಿದೆ. ಹಾಗಾಗಿ ‘ಪೂರ್ತಿ ರೀಸ್ಟೋರ್’ ಅನ್ನೋ ಜಾಹೀರಾತಿನ ಪ್ರತಿ ಇಟ್ಟುಕೊಳ್ಳಿ.

ಸಾಕೋ ಖರ್ಚು ಕಡಿಮೆಯೇ. 40 ವರ್ಷ ದಾಟಿದ ಕಾರು ಅಂತ ರಸ್ತೆ ತೆರಿಗೆ ಇಲ್ಲ, 2018ರಿಂದ ಎಂಓಟಿಯೂ ಕಡ್ಡಾಯ ಅಲ್ಲ. ಆದರೂ ವರ್ಷಕ್ಕೊಮ್ಮೆ ಎಂಓಟಿ ಮಾಡಿಸಿ, ಇನ್ನೊಬ್ಬರ ಕಣ್ಣು ಬೀಳಲಿ. ಇನ್ಷೂರೆನ್ಸ್ ಮಾಡಿಸುವಾಗ ಕಾರಿನ ಬೆಲೆ ಇಷ್ಟು ಅಂತ ಕಂಪನಿ ಮೊದಲೇ ಒಪ್ಪಿಕೊಂಡ ಪಾಲಿಸಿ ಮಾಡಿಸಿ. ಜನವರಿಯಲ್ಲಿ ರಸ್ತೆಗೆ ಉಪ್ಪು ಸುರಿದ ದಿನ ಮಾತ್ರ ಹೊರಗೆ ತೆಗೆಯಬೇಡಿ.

ಊರಿಗೆ ತರೋ ವಿಷಯ. ಮೊದಲು 1950ಕ್ಕಿಂತ ಹಳೆಯವನ್ನು ಮಾತ್ರ ಆಮದು ಲೈಸೆನ್ಸ್ ಇಲ್ಲದೆ ತರಬಹುದಿತ್ತು, 2025ರಲ್ಲಿ ಅದನ್ನು 50 ವರ್ಷ ದಾಟಿದ ಕಾರು ಅಂತ ಬದಲಾಯಿಸಿದರು. ಹಾಗಾಗಿ 1966ರದ್ದಕ್ಕೆ ದಾರಿ ಇದೆ. ಆದರೆ ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. 2021ರ ವಿಂಟೇಜ್ ನಿಯಮದಲ್ಲಿ ನೋಂದಣಿ ಮಾಡಿಸಿದರೆ ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ, ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಅದರಲ್ಲಿ ರ್‍ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗೆ ಅಂತ ಓಡಿಸಬಹುದು, ದಿನಾ ಆಫೀಸಿಗೆ ಹೋಗೋಕೆ ಆಗಲ್ಲ. ಊರಲ್ಲಿ ಎಂಜಿ ಅಂದರೆ ಈಗ ಹೆಕ್ಟರ್, ಇದನ್ನು ನಿಲ್ಲಿಸಿದ ಕಡೆ ಜನ ಸೇರೋದಂತೂ ಗ್ಯಾರಂಟಿ. ಆದರೆ ನನ್ನ ಮಾತು ಕೇಳೋದಾದರೆ ಇಲ್ಲೇ ಕೊಂಡು, ಇಲ್ಲೇ ಕಾಟ್ಸ್‌ವೋಲ್ಡ್ಸ್ ರಸ್ತೆಗಳಲ್ಲಿ ಟಾಪ್ ಇಳಿಸಿ ಓಡಿಸಿ, ಹೊರಡುವಾಗ ಇಲ್ಲೇ ಮಾರಿ. ಸ್ವಿಂಡನ್‌ನಿಂದ ಅಬಿಂಗ್ಡನ್‌ಗೆ ಒಂದು ಗಂಟೆ ದಾರಿಯೂ ಇಲ್ಲ, ಒಂದು ಸಲ ಅದನ್ನು ಹುಟ್ಟಿದೂರಿಗೆ ಕರಕೊಂಡು ಹೋಗಿ ಬನ್ನಿ.

ಇನ್ನೊಂದು ಹೇಳೋದು ಮರೆತಿದ್ದೆ. ನೋಡೋಕೆ ಹೋಗುವ ಹಿಂದಿನ ದಿನ ಫೋನ್ ಮಾಡಿ, ನಾನು ಬರೋವರೆಗೆ ಎಂಜಿನ್ ಚಾಲೂ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ತಣ್ಣಗಿದ್ದಾಗ ಚಾಲೂ ಆಗೋದರಲ್ಲಿ ಏನೋ ತೊಂದರೆ ಇದೆ ಅಂದುಕೊಳ್ಳಿ. ಹಾಂ, ಹಳೆ ಪ್ಯಾಂಟ್ ಹಾಕಿಕೊಂಡು ಹೋಗಿ, ಸಿಲ್ ನೋಡೋಕೆ ಮೊಣಕಾಲೂರಿ ಕೂರಬೇಕು.